ಅಯೋರ್ಟಾ ರಿಂಗ್ ಸುತ್ತ ಇರೋ ಕೊಬ್ಬು ತೆಗೀಬೇಕಾ, ಬಿಡ್ಬೇಕಾ?

ಫಾರ್ಮಾ_ಧಾರವಾಡ:
ನಮಸ್ಕಾರ, ಎಂ.ಫಾರ್ಮ್ ಪ್ರಾಜೆಕ್ಟಿಗೆ ಇಲಿ ಅಯೋರ್ಟಾ (ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ) ಮೇಲೆ ಕೆಲ್ಸ ಮಾಡ್ತಿದೀನಿ, ಅದನ್ನ ಉಂಗುರದ ಥರ ರಿಂಗ್‌ಗಳಾಗಿ ಕತ್ತರಿಸಿದೀನಿ. ಆರ್ಗನ್ ಬಾತ್ (ಅಂಗಾಂಶ ಜೀವಂತ ಇಡೋ ದ್ರಾವಣದ ಪಾತ್ರೆ), ಕ್ರೆಬ್ಸ್ ಅನ್ನೋ ಲವಣ ದ್ರಾವಣ, 37 ಡಿಗ್ರಿ ಎಲ್ಲಾ ಮಾಮೂಲಿನೇ. ಒಂದು ರಿಂಗಲ್ಲಿ ಕೊಬ್ಬು ಪೂರ್ತಿ ಬಿಡಿಸಿದೀನಿ, ಇನ್ನೊಂದ್ರಲ್ಲಿ ಹಾಗೇ ಇದೆ. ನಾಳ ಬಿಗಿಮಾಡೋ ಔಷಧಿ ಫಿನೈಲೆಫ್ರಿನ್ ಹಾಕಿದ್ರೆ ಕೊಬ್ಬಿರೋ ರಿಂಗ್ ಕಮ್ಮಿ ಬಿಗಿಯಾಗುತ್ತೆ. ರಕ್ತನಾಳ ಸಡಿಲ ಆಗೋದು ಒಳಪದರ ಎಂಡೋಥೀಲಿಯಂನಿಂದ ಅಂತ ತಾನೇ ಓದಿರೋದು, ಹೊರಪದರಕ್ಕೇನು ಕೆಲ್ಸ? ಕೊಬ್ಬು ಅಡ್ಡ ಇರೋದ್ರಿಂದ ಔಷಧಿ ಒಳಗೆ ಹೋಗ್ತಿಲ್ವಾ?

ಲ್ಯಾಬ್_ಮೇಡಂ:
ಒಳ್ಳೆ ಪ್ರಶ್ನೆ ಕಣಮ್ಮ. 1980ರಲ್ಲಿ ಫರ್ಚ್‌ಗಾಟ್ ಅನ್ನೋ ವಿಜ್ಞಾನಿ ಎಂಡೋಥೀಲಿಯಂ ಮಹತ್ವ ತೋರಿಸಿದ ಮೇಲೆ ಎಲ್ಲರ ಕಣ್ಣೂ ಒಳಪದರದ ಮೇಲೇ, ಹೊರಗಿನ ಕೊಬ್ಬನ್ನ ಬಿಡಿಸಿ ಎಸೆಯೋದೇ ರೂಢಿ ಆಗೋಯ್ತು. 2002ರಲ್ಲಿ ಬರ್ಲಿನ್‌ನ ತಂಡದವರು ಇಲಿ ಅಯೋರ್ಟಾದಲ್ಲೇ ತೋರಿಸಿದ್ರು, ಆ ಕೊಬ್ಬು ನಾಳ ಸಡಿಲಿಸೋ ಏನನ್ನೋ ಬಿಡುಗಡೆ ಮಾಡುತ್ತೆ, ಅದು ನಾಳದ ಸ್ನಾಯು ಕೋಶದ ಪೊಟ್ಯಾಶಿಯಂ ಚಾನೆಲ್ (ಪೊಟ್ಯಾಶಿಯಂ ಹಾದುಹೋಗೋ ದಾರಿ) ತೆರೆಸಿ ಸ್ನಾಯು ಸಡಿಲ ಮಾಡುತ್ತೆ ಅಂತ. ನಿಮ್ಮ ಅನುಮಾನ ಪರೀಕ್ಷೆ ಮಾಡೋದು ಸುಲಭ: ಕೊಬ್ಬಿರೋ ರಿಂಗಿನ ಬಾತ್‌ನಿಂದ ದ್ರಾವಣ ತೆಗೆದು, ಬಿಗಿಯಾಗಿ ನಿಂತಿರೋ ಕೊಬ್ಬಿಲ್ಲದ ರಿಂಗಿಗೆ ಹಾಕಿ. ಅದು ಸಡಿಲ ಆದ್ರೆ ಬರೀ ಅಡ್ಡಗೋಡೆ ಅನ್ನೋ ವಾದ ನಿಲ್ಲಲ್ಲ. ಅದೇ ಫಿನೈಲೆಫ್ರಿನ್ ಇರೋ ತಾಜಾ ಕ್ರೆಬ್ಸ್ ಹಾಕಿ, ಹೋಲಿಕೆಗೆ ಒಂದು ಕಂಟ್ರೋಲೂ ಇಟ್ಕೊಳ್ಳಿ.

ರಕ್ತನಾಳ_ಪ್ರಿಯ:
ಒಂದು ಮಾತು ಸೇರಿಸ್ತೀನಿ, ಕೊಬ್ಬು ಬೇರೆ, ಅದರ ಕೆಳಗಿನ ಅಡ್ವೆಂಟೀಶಿಯಾ (ನಾಳದ ಗೋಡೆಯದೇ ಹೊರಪದರ) ಬೇರೆ, ಎರಡನ್ನೂ ಒಂದೇ ಅಂದ್ಕೋಬೇಡಿ. ಅಡ್ವೆಂಟೀಶಿಯಾದ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಸೂಪರಾಕ್ಸೈಡ್ ಅನ್ನೋ ಚುರುಕು ಆಮ್ಲಜನಕ ರೂಪ ತಯಾರು ಮಾಡ್ತವೆ, ಅದು ಎಂಡೋಥೀಲಿಯಂ ಬಿಡೋ, ನಾಳ ಸಡಿಲಿಸೋ ನೈಟ್ರಿಕ್ ಆಕ್ಸೈಡನ್ನ ನುಂಗಿಹಾಕುತ್ತೆ, ಅಂದ್ರೆ ಇದೇ ಹೊರಪದರ ಸಡಿಲಿಕೆಗೆ ಅಡ್ಡಗಾಲೂ ಹಾಕಬಹುದು. ಬೊಜ್ಜು ಇದ್ದವರಲ್ಲಿ ಕೊಬ್ಬಿಗೇ ಉರಿಯೂತ ಬಂದು ಅದರ ಸಡಿಲಿಸೋ ಗುಣನೂ ಹೋಗಿಬಿಡುತ್ತೆ, ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ಸೋದು ಇದೇ.

ಥಿಯೇಟರ್_ಡಾಕ್ಟರ್:
ಆಪರೇಷನ್ ಥಿಯೇಟರಲ್ಲೂ ಇದರ ಪ್ರಯೋಜನ ಇದೆ. ಬೈಪಾಸ್‌ಗೆ ಕಾಲಿನ ರಕ್ತನಾಳ ತೆಗೆಯುವಾಗ ಸುತ್ತಲಿನ ಕೊಬ್ಬು ಬಿಡಿಸಿದ್ರೆ ಅದು ಸೆಟೆದುಕೊಳ್ಳುತ್ತೆ, ಆಗ ಒತ್ತಡದಲ್ಲಿ ಸಲೈನ್ ತುಂಬಿ ಉಬ್ಬಿಸ್ತಾರೆ, ಒಳಪದರಕ್ಕೆ ಪೆಟ್ಟು ಬೀಳುತ್ತೆ. ಸ್ವೀಡನ್ನಿನ ಓರೆಬ್ರೂನಲ್ಲಿ ಸೋಜಾ ಅನ್ನೋ ಸರ್ಜನ್ ಕೊಬ್ಬಿನ ಸಮೇತ ತೆಗೆಯೋ 'ನೋ ಟಚ್' ವಿಧಾನ ತಂದ್ರು, ಅದ್ರಲ್ಲಿ ಉಬ್ಬಿಸೋ ಅಗತ್ಯನೇ ಇಲ್ಲ.

ಫಾರ್ಮಾ_ಧಾರವಾಡ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ! ಮೇಡಂ, ದ್ರಾವಣ ಬದಲಾಯಿಸೋ ಪ್ರಯೋಗ ಗೈಡ್ ಹತ್ರ ಕೇಳಿ ಶುರು ಮಾಡ್ತೀನಿ.

ಲ್ಯಾಬ್_ಮೇಡಂ:
ಮಾಡಿ. ಪ್ರತಿ ರಿಂಗಿನ ಕೊಬ್ಬಿನ ತೂಕ ಬರೆದಿಡಿ, ಅಯೋರ್ಟಾದ ಎದೆಭಾಗದ ರಿಂಗನ್ನೂ ಹೊಟ್ಟೆಭಾಗದ್ದನ್ನೂ ಬೆರೆಸಬೇಡಿ, ಎರಡು ಕಡೆ ಕೊಬ್ಬಿನ ಜಾತಿನೇ ಬೇರೆ.