ಸೇನೆಯ ಬಿಡಿಭಾಗಗಳ ಟೆಂಡರ್: ಸಣ್ಣ ಕಾರ್ಖಾನೆ ನೇರವಾಗಿ ಬಿಡ್ ಸಲ್ಲಿಸಬಹುದೇ?

ಪ್ರಶ್ನೆ: ಕಿರುಉದ್ಯಮಿ, ಪೀಣ್ಯ

ಮಾನ್ಯರೇ, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆಯಿದೆ. ಬುಶ್, ಶಾಫ್ಟ್, ಫ್ಲ್ಯಾಂಜ್ ಮೊದಲಾದವುಗಳನ್ನು ಸಿಎನ್‌ಸಿ ಯಂತ್ರಗಳಲ್ಲಿ ತಯಾರಿಸಿ ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಆಧಾರದಲ್ಲಿ ಕೊಡುತ್ತೇವೆ. ಅವುಗಳಲ್ಲಿ ಕೆಲವು ಕೊನೆಗೆ ಸೇನೆಯ ವಾಹನಗಳಿಗೇ ಹೋಗುತ್ತವೆ ಎಂಬುದು ಡ್ರಾಯಿಂಗ್ ನೋಡಿದರೆ ತಿಳಿಯುತ್ತದೆ. ಇಂತಹ ಬಿಡಿಭಾಗಗಳಿಗೆ ರಕ್ಷಣಾ ಇಲಾಖೆಯವರು ಟೆಂಡರ್ ಕರೆದಾಗ ನಾವೇ ನೇರವಾಗಿ ಬಿಡ್ ಸಲ್ಲಿಸಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಆದರೆ ಕೇಳಿದವರೆಲ್ಲ ಎರಡೇ ಮಾತು ಹೇಳುತ್ತಾರೆ. ಅತಿ ಕಡಿಮೆ ದರ ಹಾಕಿದವರಿಗೇ ಆದೇಶ ಸಿಗುವುದರಿಂದ ದೊಡ್ಡವರ ಮುಂದೆ ನಿಲ್ಲಲಾಗದು ಎಂಬುದು ಒಂದು; ಯಾರಿಗೆ ಕೊಡಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಇನ್ನೊಂದು. ಇವುಗಳಲ್ಲಿ ಎಷ್ಟು ನಿಜ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಗುಣಪರಿಶೀಲಕ

ರಕ್ಷಣಾ ಖರೀದಿಯಲ್ಲಿ ಎರಡು ದಾರಿಗಳಿವೆ ಎಂಬುದನ್ನು ಮೊದಲು ಗಮನಿಸಿ. ಯುದ್ಧವಿಮಾನ, ಫಿರಂಗಿ, ಹಡಗುಗಳಂತಹ ಹೊಸ ಸಾಧನಗಳ ಖರೀದಿ ಬಂಡವಾಳ ವೆಚ್ಚದಡಿ ಬರುತ್ತದೆ. ಅದಕ್ಕೆ 2020ರ ರಕ್ಷಣಾ ಸ್ವಾಧೀನ ಕಾರ್ಯವಿಧಾನ ಅನ್ವಯಿಸುತ್ತದೆ. ಇರುವ ಸಾಧನಗಳ ದುರಸ್ತಿ ಮತ್ತು ಬಿಡಿಭಾಗಗಳು ರಾಜಸ್ವ ವೆಚ್ಚಕ್ಕೆ ಸೇರುತ್ತವೆ. ಅವುಗಳ ಖರೀದಿ 2025ರ ನವೆಂಬರ್ 1ರಿಂದ ಜಾರಿಗೆ ಬಂದಿರುವ ಹೊಸ ರಕ್ಷಣಾ ಖರೀದಿ ಕೈಪಿಡಿಯ ಪ್ರಕಾರ ನಡೆಯುತ್ತದೆ. ನಿಮ್ಮ ದಾರಿ ಎರಡನೆಯದು. ಪತ್ರಿಕೆಗಳಲ್ಲಿ ಓದುವ ಸಾವಿರಾರು ಕೋಟಿ ರೂಪಾಯಿಗಳ ಒಪ್ಪಂದಗಳನ್ನು ನೋಡಿ ಅಳುಕಬೇಕಾಗಿಲ್ಲ. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಮತ್ತು ರಕ್ಷಣಾ ಸಚಿವಾಲಯದ ಇ-ಖರೀದಿ ತಾಣದಲ್ಲಿ ಬುಶ್, ಗ್ಯಾಸ್ಕೆಟ್, ಬ್ರಾಕೆಟ್‌ಗಳಿಗೂ ಟೆಂಡರ್‌ಗಳು ಬರುತ್ತಲೇ ಇರುತ್ತವೆ.

ಇಂತಹ ಟೆಂಡರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ತಾಂತ್ರಿಕ ಬಿಡ್ ಅನ್ನು ಮೊದಲು ತೆರೆದು, ಕೇಳಿದ ಗುಣಲಕ್ಷಣಗಳಿಗೆ ಹೊಂದಿದವರನ್ನು ಮಾತ್ರ ಉಳಿಸಿಕೊಂಡು, ಆಮೇಲೆ ಅವರ ದರದ ಬಿಡ್‌ಗಳನ್ನಷ್ಟೇ ತೆರೆಯುತ್ತಾರೆ. ತಾಂತ್ರಿಕ ಭಾಗದಲ್ಲಿ ಬಿದ್ದವರ ದರ ಎಷ್ಟೇ ಕಡಿಮೆಯಿದ್ದರೂ ಅದನ್ನು ಯಾರೂ ನೋಡುವುದಿಲ್ಲ. ಎಲ್‌1 ಎಂದರೆ ಉಳಿದುಕೊಂಡವರಲ್ಲಿ ಕಡಿಮೆ ದರ ಹಾಕಿದವರು, ಅಷ್ಟೇ. ನನ್ನ ಸೇವಾವಧಿಯಲ್ಲಿ ಸಣ್ಣ ಕಾರ್ಖಾನೆಗಳು ಸೋತದ್ದನ್ನು ನಾನು ದರದಲ್ಲಿ ಕಂಡದ್ದಕ್ಕಿಂತ ಕಾಗದಪತ್ರಗಳಲ್ಲಿ ಮತ್ತು ತಪಾಸಣೆಯಲ್ಲಿ ಕಂಡದ್ದೇ ಹೆಚ್ಚು.

ಒಂದು ಉದಾಹರಣೆ ಕೊಡುತ್ತೇನೆ. ಉಕ್ಕಿನ ಸರಳು ಕೊಂಡಾಗ ಅದರ ತುದಿಯಲ್ಲಿ ಹೀಟ್ ಸಂಖ್ಯೆಯನ್ನು, ಅಂದರೆ ಆ ಉಕ್ಕು ಯಾವ ಸಲದ ಕರಗಿಸುವಿಕೆಯಿಂದ ಬಂದದ್ದೆಂಬ ಗುರುತನ್ನು, ಒತ್ತಿರುತ್ತಾರೆ. ಅದೇ ಸಂಖ್ಯೆ ಉಕ್ಕಿನ ಕಾರ್ಖಾನೆ ಕೊಟ್ಟ ಪರೀಕ್ಷಾ ಪ್ರಮಾಣಪತ್ರದಲ್ಲಿಯೂ ಇರುತ್ತದೆ. ನಿಮ್ಮ ಹುಡುಗರು ಮೊದಲು ಆ ತುದಿಯನ್ನೇ ಕತ್ತರಿಸಿ ಕೆಲಸಕ್ಕೆ ಹಾಕಿಬಿಟ್ಟರೆ, ಉಳಿದ ಸರಳು ಯಾವ ಹೀಟಿನದು ಎಂದು ತೋರಿಸಲು ಯಾವ ಆಧಾರವೂ ಉಳಿಯುವುದಿಲ್ಲ. ಅಳತೆಯೆಲ್ಲ ಸರಿಯಾಗಿದ್ದರೂ ಪರಿಶೀಲಕರು ಆ ಬ್ಯಾಚಿನ ಮಾಲನ್ನು ಒಪ್ಪಿಕೊಳ್ಳಲಾರರು. ಕತ್ತರಿಸುವ ಮೊದಲೇ ಸಂಖ್ಯೆಯನ್ನು ಪ್ರತಿ ತುಂಡಿನ ಮೇಲೂ ಮತ್ತೆ ಒತ್ತಿಸಿ, ರಿಜಿಸ್ಟರಿನಲ್ಲಿ ಬರೆದಿಡಿಸಿ. ಫಿರಂಗಿಯ ಕೆಳಗೋ ವಾಹನದ ಗಾಲಿಯಲ್ಲೋ ಕೂರುವ ಭಾಗವದು. ಅದರ ಉಕ್ಕು ಯಾವುದೆಂದು ಕೇಳುವುದು ಕಿರುಕುಳವಲ್ಲ.

ಉತ್ತರ 2: ಬಿಡ್‌ದಾರ, ಹುಬ್ಬಳ್ಳಿ

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಹಣದ ವಿಷಯಕ್ಕೆ ಬರುತ್ತೇನೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಟೆಂಡರ್ ಶುಲ್ಕದಿಂದಲೂ ಇಎಂಡಿಯಿಂದಲೂ (ಬಿಡ್ ಜೊತೆ ಇಡಬೇಕಾದ ಠೇವಣಿ) ವಿನಾಯಿತಿ ಇದೆ. ಇದಕ್ಕಿಂತ ಮುಖ್ಯವಾದದ್ದು 2012ರ ಸಾರ್ವಜನಿಕ ಖರೀದಿ ನೀತಿ. ಸಣ್ಣ ಉದ್ಯಮವಲ್ಲದ ಕಂಪನಿ ಎಲ್‌1 ಆಗಿ, ನಿಮ್ಮ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ, ಅವರ ದರಕ್ಕೆ ಇಳಿಯಲು ನಿಮಗೆ ಅವಕಾಶ ಕೊಡಬೇಕು. ನೀವು ಒಪ್ಪಿದರೆ ಪ್ರಮಾಣದಲ್ಲಿ ಶೇ. 25ರಷ್ಟು ನಿಮ್ಮ ಪಾಲಿಗೆ ಬರುತ್ತದೆ. ಅಂದರೆ ಅವರು 100 ರೂಪಾಯಿ, ನೀವು 114 ರೂಪಾಯಿ ಹಾಕಿದ್ದರೂ ಬಾಗಿಲು ಮುಚ್ಚಿಲ್ಲ. ಆದ್ದರಿಂದ ದೊಡ್ಡವರಿಗೆ ಹೆದರಿ ಕೈಯಿಂದ ನಷ್ಟ ಮಾಡಿಕೊಳ್ಳುವಂತಹ ದರವನ್ನು ದಯವಿಟ್ಟು ಹಾಕಬೇಡಿ.

ಆದರೆ ಒಪ್ಪಿದಂತೆ ಪೂರೈಸುತ್ತೇವೆಂಬುದಕ್ಕೆ ಕೊಡುವ ಕಾರ್ಯನಿರ್ವಹಣಾ ಭದ್ರತೆಗೆ ಇಂತಹ ವಿನಾಯಿತಿ ಇಲ್ಲ. ಆದೇಶ ಬಂದ ಕೂಡಲೇ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಸಣ್ಣವರಿಗೆ ಬ್ಯಾಂಕು ಅದಕ್ಕೆ ಪ್ರತಿಯಾಗಿ ಠೇವಣಿ ಕೇಳುತ್ತದೆ, ಆ ಹಣ ವಾರಂಟಿ ಮುಗಿಯುವವರೆಗೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಡವಾದರೆ ಸಾಮಾನ್ಯವಾಗಿ ವಾರಕ್ಕೆ ಶೇ. 0.5ರಂತೆ ದಂಡ ಕಡಿತವಾಗುತ್ತದೆ. ಒಪ್ಪಿಕೊಂಡ ಸರಕಿನ ಹಣವನ್ನು 45 ದಿನಗಳೊಳಗೆ ಕೊಡಬೇಕೆಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯಲ್ಲಿದೆ. ಆದರೂ ತಪಾಸಣೆಗೆ ಹಿಡಿಯುವ ಕಾಲವನ್ನೂ ಸೇರಿಸಿ, ಆರು ತಿಂಗಳ ದುಡಿಯುವ ಬಂಡವಾಳ ಕೈಯಲ್ಲಿದೆಯೇ ಎಂದು ಲೆಕ್ಕ ಹಾಕಿಯೇ ಮುಂದುವರಿಯಿರಿ.

ಉತ್ತರ 3: ರಕ್ಷಣಾ ವಿಷಯಗಳ ಓದುಗ

ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ ಎಂಬ ಮಾತಿಗೆ ಇನ್ನೂ ಉತ್ತರ ಬಂದಿಲ್ಲ. ಅದು ಎಲ್ಲ ಕಡೆಗೂ ಅನ್ವಯಿಸುವ ಮಾತಲ್ಲ. ಆದರೆ ಅದರ ಹಿಂದಿನ ಅನುಮಾನ ಆಧಾರವಿಲ್ಲದ್ದೂ ಅಲ್ಲ. ಸ್ಪರ್ಧೆಯ ಹಣೆಬರಹವನ್ನು ದರಕ್ಕಿಂತ ಮೊದಲು ಬರೆಯುವುದು ಅಗತ್ಯಗಳ ಪಟ್ಟಿ. ಅತಿಗಣ್ಯರ ಪ್ರಯಾಣಕ್ಕೆಂದು 12 ಹೆಲಿಕಾಪ್ಟರ್ ಕೊಳ್ಳಲು ಹೊರಟ ಪ್ರಕರಣವನ್ನೇ ನೋಡಿ. ಮೊದಲು 6000 ಮೀಟರ್ ಎತ್ತರಕ್ಕೆ ಹಾರಬೇಕೆಂದು ಕೇಳಿದ್ದರಿಂದ ಒಂದೇ ಮಾದರಿ ಉಳಿಯಿತು. ಒಬ್ಬನೇ ಮಾರಾಟಗಾರನ ಸ್ಥಿತಿ ಬೇಡವೆಂದು ಆ ಮಿತಿಯನ್ನು 4500 ಮೀಟರಿಗೆ ಇಳಿಸಿದರು. ಜೊತೆಗೆ ಕ್ಯಾಬಿನ್ನಿನ ಒಳ ಎತ್ತರ 1.8 ಮೀಟರ್ ಇರಬೇಕೆಂದು ಸೇರಿಸಿದರು. ಆಗಲೂ ಸ್ಪರ್ಧೆ ಒಬ್ಬರಿಗೇ ಇಳಿಯಿತೆಂದು ಸರ್ಕಾರದ ಲೆಕ್ಕಪತ್ರ ತಪಾಸಿಸುವ ಮಹಾಲೇಖಪಾಲರು (ಸಿಎಜಿ) 2013ರಲ್ಲಿ ಆಕ್ಷೇಪಿಸಿದರು. 2010ರಲ್ಲಿ ಅಗಸ್ಟಾವೆಸ್ಟ್‌ಲ್ಯಾಂಡ್ ಜೊತೆ ಆಗಿದ್ದ ಆ ಒಪ್ಪಂದವನ್ನು, ಲಂಚ ಕೊಡುವುದಿಲ್ಲವೆಂದು ಬಿಡ್‌ದಾರರು ಸಹಿ ಹಾಕುವ ಪ್ರಾಮಾಣಿಕತಾ ಕರಾರಿನ ಉಲ್ಲಂಘನೆಯ ಆಧಾರದ ಮೇಲೆ ಸರ್ಕಾರ 2014ರ ಜನವರಿ 1ರಂದು ರದ್ದುಪಡಿಸಿತು.

ಎಲ್‌1 ಆದ ಮಾತ್ರಕ್ಕೆ ಎಲ್ಲ ಮುಗಿಯುವುದೂ ಇಲ್ಲ. 126 ಯುದ್ಧವಿಮಾನಗಳಿಗೆ 2007ರಲ್ಲಿ ಟೆಂಡರ್ ಕರೆದಾಗ ಆರು ಮಾದರಿಗಳು ಸ್ಪರ್ಧೆಗಿಳಿದವು. ಬೆಂಗಳೂರು, ಜೈಸಲ್ಮೇರ್ ಮತ್ತು ಲೇಹ್‌ಗಳಲ್ಲಿ ಅವುಗಳನ್ನು ಹಾರಿಸಿ ನೋಡಿ, 2011ರಲ್ಲಿ ರಫಾಲ್ ಮತ್ತು ಯೂರೋಫೈಟರ್‌ಗಳನ್ನು ಮಾತ್ರ ಉಳಿಸಿಕೊಂಡರು. ಕೊಳ್ಳುವ ಬೆಲೆಯ ಜೊತೆಗೆ ಇಡೀ ಆಯುಷ್ಯದ ಖರ್ಚನ್ನೂ ಲೆಕ್ಕ ಹಾಕಿ, 2012ರ ಜನವರಿಯಲ್ಲಿ ರಫಾಲ್ ಎಲ್‌1 ಎಂದು ಘೋಷಿಸಿದರು. ಅವುಗಳಲ್ಲಿ 108 ವಿಮಾನಗಳು ಎಚ್‌ಎಎಲ್‌ನಲ್ಲಿ ತಯಾರಾಗಬೇಕಾಗಿತ್ತು. ಅವುಗಳ ಹೊಣೆಯನ್ನು ಯಾರು ಹೊರಬೇಕು, ಎಷ್ಟು ಮಾನವಗಂಟೆಗಳ ಕೂಲಿ ಹಿಡಿಯಬೇಕು ಎಂಬ ಚರ್ಚೆ ವರ್ಷಗಟ್ಟಲೆ ಎಳೆದು, 2015ರಲ್ಲಿ ಟೆಂಡರನ್ನೇ ಹಿಂತೆಗೆದುಕೊಂಡರು. 36 ರಫಾಲ್ ವಿಮಾನಗಳನ್ನು ಕೊಳ್ಳಲು 2016ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಇಷ್ಟು ದೀರ್ಘವಾದ ಟೆಂಡರ್ ಪ್ರಕ್ರಿಯೆ ಒಪ್ಪಂದವಿಲ್ಲದೆ ಮುಗಿದದ್ದಕ್ಕೆ ವಾಯುಪಡೆ ತೆತ್ತ ಬೆಲೆಯ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿಲ್ಲವೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ, ನಮ್ಮಂತಹವರಿಗೆ ಒಂದು ಟೆಂಡರಿನ ಷರತ್ತು ಅನ್ಯಾಯವೆಂದು ಕಂಡರೆ ಏನು ಮಾಡಬೇಕು? ಪ್ರಶ್ನಿಸಿದರೆ ಮುಂದೆ ನಮ್ಮನ್ನು ದೂರವಿಡುವುದಿಲ್ಲವೇ?

ಉತ್ತರ 1: ನಿವೃತ್ತ ಗುಣಪರಿಶೀಲಕ

ದೂರವಿಡುತ್ತಾರೆಂಬ ಭಯದಿಂದ ಸುಮ್ಮನಿದ್ದರೆ ಆ ಷರತ್ತು ಮುಂದಿನ ಟೆಂಡರಿನಲ್ಲಿಯೂ ಹಾಗೆಯೇ ಬರುತ್ತದೆ. ಬಿಡ್‌ಪೂರ್ವ ಸಭೆ ಇದ್ದರೆ ತಪ್ಪದೆ ಹೋಗಿ. ಇಲ್ಲದಿದ್ದರೆ ನಿಗದಿತ ದಿನಾಂಕದೊಳಗೆ ಬರಹದಲ್ಲಿ ಕೇಳಿ. ಕೇಳುವಾಗ ಅನ್ಯಾಯ, ಪಕ್ಷಪಾತ ಎಂಬ ಪದಗಳನ್ನು ಬಳಸದೆ, ಡ್ರಾಯಿಂಗಿನ ಸಂಖ್ಯೆ, ಷರತ್ತಿನ ಕ್ರಮಸಂಖ್ಯೆ ಮತ್ತು ನೀವು ಕೇಳುವ ಬದಲಾವಣೆಯನ್ನು ಮಾತ್ರ ಬರೆಯಿರಿ. ಉದಾಹರಣೆಗೆ, ಒಂದು ಬುಶ್‌ಗೆ ನಿರ್ದಿಷ್ಟ ವಿದೇಶಿ ದರ್ಜೆಯ ಕಂಚನ್ನು ಕೇಳಿದ್ದರೆ, ಅದಕ್ಕೆ ಸಮನಾದ ಭಾರತೀಯ ಮಾನಕದ ದರ್ಜೆಯನ್ನು ಒಪ್ಪುವಿರಾ ಎಂದು ಕೇಳಿ, ಎರಡರ ರಾಸಾಯನಿಕ ಸಂಯೋಜನೆಯನ್ನು ಪಕ್ಕಪಕ್ಕದಲ್ಲಿ ಕೊಡಿ. ಬದಲಾವಣೆ ಒಪ್ಪಿಗೆಯಾದರೆ ಅದು ತಿದ್ದುಪಡಿಯಾಗಿ ಎಲ್ಲ ಬಿಡ್‌ದಾರರಿಗೂ ಪ್ರಕಟವಾಗುತ್ತದೆ. ನಿಮಗೊಬ್ಬರಿಗೇ ಉಪಕಾರ ಮಾಡಿದಂತಾಗುವುದಿಲ್ಲ, ಅಧಿಕಾರಿಗೂ ಒಪ್ಪುವುದು ಸುಲಭವಾಗುತ್ತದೆ. ಆದರೆ ಬಿಡ್ ತೆರೆದ ಮೇಲೆ ಎತ್ತುವ ಆಕ್ಷೇಪಕ್ಕೆ ಇಷ್ಟು ಬಲವಿರುವುದಿಲ್ಲ. ಸೋತವರ ದೂರೆಂದೇ ಅದನ್ನು ಓದುತ್ತಾರೆ.