ಬೈಲುಗದ್ದೆಯ ದೀಪಕ್ಕೆ ಬರುವ ಪುಟ್ಟ ಬಿಳಿ ಪತಂಗ ಯಾವುದು?

ಮದಗದಂಚು
ಜಾಗ: ಉಡುಪಿ ಕಡೆಯ ಬೈಲುಗದ್ದೆ (ತಗ್ಗಿನ ಗದ್ದೆ), ಪಕ್ಕದಲ್ಲೇ ಮದಗ (ಕೆರೆ). ಏಣೆಲು (ಮಳೆಗಾಲದ ಭತ್ತದ ಬೆಳೆ) ನಾಟಿಯಾಗಿ 25 ದಿನ, ನಾಲ್ಕು ಇಂಚು ನೀರು ನಿಂತಿದೆ. ರಾತ್ರಿ ಎಂಟರ ಮೇಲೆ ದೀಪಕ್ಕೆ ಬಿಳಿ ಪತಂಗಗಳು ಮುತ್ತುತ್ತವೆ. ರೆಕ್ಕೆ ಬಿಚ್ಚಿದರೆ ಅಡ್ಡಗಲ ಸುಮಾರು ಒಂದೂವರೆ ಸೆಂ.ಮೀ. ಬಿಳಿಯ ಮೇಲೆ ಕಪ್ಪು ಚುಕ್ಕಿಗಳು, ಅಂಚಿನತ್ತ ಮಾಸಲು ಕಂದು ಗೆರೆ. ಕಾಂಡಕೊರಕವೇ? ಮದಗದಲ್ಲಿ ಹುಟ್ಟಿ ಬಂದದ್ದೇ? ಗದ್ದೆಯ ಒಂದು ಮೂಲೆಯಲ್ಲಿ ಎಲೆಗಳಿಗೆ ತುದಿಯೇ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ದೀಪದ ಪರದೆ
ಕಾಂಡಕೊರಕ ಅಲ್ಲ. ಹಳದಿ ಕಾಂಡಕೊರಕದ ಹೆಣ್ಣಿನ ಮುಂರೆಕ್ಕೆ ಒಣಹುಲ್ಲಿನ ಬಣ್ಣದ್ದು, ಒಂದೊಂದರಲ್ಲೂ ಒಂದೇ ಕರಿಬೊಟ್ಟು. ನೀವು ಹೇಳುವುದು ಕೊಳವೆ ಹುಳುವಿನ (ಭತ್ತದ ಎಲೆ ಕತ್ತರಿಸಿ ಕೊಳವೆ ಮಾಡಿಕೊಂಡು ಅದರೊಳಗಿರುವ ಹುಳು) ಪತಂಗ, ಪ್ಯಾರಪಾಯಿಂಕ್ಸ್ ಸ್ಟಾಗ್ನಾಲಿಸ್ ಇರಬೇಕು. ಹಳೆಯ ಕೃಷಿ ಪುಸ್ತಕಗಳಲ್ಲಿ ನಿಂಫುಲಾ ಡಿಪಂಕ್ಟಾಲಿಸ್ ಎಂದಿದ್ದರೆ ಅದೂ ಇದೇ.

‘ಇರಬೇಕು’ ಅಂದದ್ದು ಬೇಕೆಂದೇ. ಇದೇ ಕುಲದ ಡಿಮಿನುಟಾಲಿಸ್ ಮದಗದ ಹೈಡ್ರಿಲ್ಲಾ ಎಂಬ ನೀರುಕಳೆ ತಿಂದು ಬದುಕುತ್ತದೆ, ಅದೂ ದೀಪಕ್ಕೆ ಬರುತ್ತದೆ. ಅದರ ರೆಕ್ಕೆಯಲ್ಲಿ ಕಂದು ಪಟ್ಟೆ ಹೆಚ್ಚು. ಆದರೆ ಹುಡಿ ಉದುರಿದ ಹಳೇ ರೆಕ್ಕೆ ನೋಡಿ ಹೆಸರು ಹೇಳಿದರೆ ತಪ್ಪುವುದೇ ಜಾಸ್ತಿ. ರೆಕ್ಕೆ ಬಿಡಿ, ನೀರು ನೋಡಿ.

ಹುಳುಜರಡಿ
ಗಾಳಿ ಯಾವ ಕಡೆಗೆ ತಳ್ಳುತ್ತದೋ ಆ ಅಂಚಿಗೆ ಹೋಗಿ. ತೇಲುವ ಕೊಳವೆಗಳೆಲ್ಲ ಅಲ್ಲಿ ಸೇರುತ್ತವೆ. ನಿಮಗೆ ಒಂದೇ ಮೂಲೆ ಬೋಳಾಗಿರುವುದೂ ಅದಕ್ಕೇ. ಚಹಾ ಸೋಸುವ ಜರಡಿಯಲ್ಲಿ ಎತ್ತಿ, ನೀರಿರುವ ಬಿಳಿ ತಟ್ಟೆಗೆ ಹಾಕಿ. ಬೀಡಿ ತುಂಡಿನಂಥ ಎಲೆಯ ಕೊಳವೆ ಸಿಗುತ್ತದೆ. ಒಂದು ತುದಿಯಿಂದ ಹುಲ್ಲುಕಡ್ಡಿ ಮೆಲ್ಲಗೆ ತೂರಿಸಿದರೆ ಇನ್ನೊಂದು ತುದಿಯಿಂದ ಹುಳು ಹೊರಬರುತ್ತದೆ. ತಿಳಿಹಸಿರು ಮೈ, ಇಕ್ಕೆಲದಲ್ಲೂ ಕವಲೊಡೆದ ಬಿಳಿ ನೂಲಿನೆಳೆಗಳು. ಅವು ಕಿವಿರು. ನೀರಿನಿಂದ ಎತ್ತಿದ ಕೂಡಲೇ ಮೈಗೆ ಅಂಟಿಕೊಂಡು ಕಾಣದಾಗುತ್ತವೆ, ಹಾಗಾಗಿ ನೀರೊಳಗಿಟ್ಟೇ ಭೂತಗನ್ನಡಿ ಹಿಡಿಯಿರಿ.

ಕ್ಯಾಡಿಸ್ ಕೀಟದ ಮರಿಯೂ ಕಸಕಡ್ಡಿಯ ಗೂಡು ಕಟ್ಟುತ್ತದೆ, ಹಲವರು ಇಲ್ಲೇ ಎಡವುತ್ತಾರೆ. ಹೊಟ್ಟೆಯಡಿ ಮೊಂಡು ಕಾಲುಗಳ ಸಾಲಿದ್ದರೆ ಪತಂಗದ ಹುಳು. ಕ್ಯಾಡಿಸ್‌ಗೆ ಬಾಲದ ತುದಿಯಲ್ಲಿ ಒಂದು ಜೊತೆ ಕೊಕ್ಕೆ ಮಾತ್ರ.

ಎಲೆಯನ್ನೂ ನೋಡಿ. ಕತ್ತರಿಯಲ್ಲಿ ಕತ್ತರಿಸಿದಂತೆ ತುದಿ ಹೋಗಿ, ಉಳಿದ ಭಾಗದಲ್ಲಿ ಹಸಿರು ಕೆರೆದು ಕಾಗದದಂಥ ಬಿಳಿ ಪೊರೆ ಉಳಿದಿದ್ದರೆ ಕೊಳವೆ ಹುಳು. ಎಲೆ ಗಿಡದಲ್ಲೇ ಉದ್ದಕ್ಕೆ ಮಡಚಿದ್ದರೆ ಎಲೆಸುರುಳಿ ಹುಳು, ಅದಕ್ಕೆ ನಿಂತ ನೀರಿನ ಹಂಗಿಲ್ಲ.

ಮದಗದಂಚು
ಕಿವಿರು ಇದೆ, ಕೊಳವೆ ಭತ್ತದ ಎಲೆಯದ್ದೇ. ಮೊಂಡು ಕಾಲುಗಳೂ ಕಂಡವು. ಈಗ ಔಷಧ ಹೊಡೆಯಬೇಕೇ? ಸೀಮೆಎಣ್ಣೆ ಹಗ್ಗ ಎಳೆಯಿರಿ ಅನ್ನುತ್ತಾರೆ. ಕೆಳಗೆ ಬೇರೆಯವರ ಗದ್ದೆ ಇದೆ.

ಕಂಡಿಕಾವಲು
ಔಷಧ ಯಾಕೆ ಮಾರಾಯ್ರೇ, ನೀರು ತೆಗೆದರೆ ಸಾಕು. ಕಿವಿರಿನಲ್ಲಿ ಉಸಿರಾಡುವ ಹುಳು 2–3 ದಿನ ನೀರಿಲ್ಲದಿದ್ದರೆ ಉಳಿಯುವುದಿಲ್ಲ. ಆದರೆ ಸುಮ್ಮನೆ ಕಂಡಿ (ಗದ್ದೆಯಂಚಿನ ನೀರುದಾರಿ) ಕಡಿದರೆ ಕೊಳವೆಗಳೆಲ್ಲ ತೇಲಿಕೊಂಡು ಕೆಳಗಿನವರ ಗದ್ದೆ ಸೇರುತ್ತವೆ. ಮೊದಲು ಇಬ್ಬರು ಎರಡು ಅಂಚಿನಲ್ಲಿ ನಿಂತು ಬರೀ ಹಗ್ಗವನ್ನು ಪೈರಿನ ಮೇಲೆ ಎಳೆಯಿರಿ, ಎಲೆಯ ಮೇಲಿರುವ ಹುಳುಗಳು ನೀರಿಗೆ ಬೀಳುತ್ತವೆ. ಆಮೇಲೆ ಕಂಡಿಗೆ ಹಳೇ ಸೊಳ್ಳೆಪರದೆ ಕಟ್ಟಿ ನೀರು ಬಿಡಿ. ಪರದೆಯಲ್ಲಿ ಸಿಕ್ಕಿದ್ದನ್ನು ಬಿಸಿಲಿಗೆ ಸುರಿಯಿರಿ. ಸೀಮೆಎಣ್ಣೆ ಬೆರೆಸಿದರೆ ಹುಳು ಸಾಯುವುದು ನಿಜ, ಜೊತೆಗೆ ನೀರಲ್ಲಿರುವ ಉಳಿದ ಜೀವಿಗಳೂ ಸಾಯುತ್ತವೆ. ಹುಳು ತಿನ್ನುವವರನ್ನೂ ಕೊಂದಂತೆ.

ಎಡವುವುದು ಎರಡು ಕಡೆ. ಯೂರಿಯಾ ಚೆಲ್ಲಿದ ಬೆನ್ನಿಗೇ ನೀರು ಬಿಟ್ಟರೆ ಗೊಬ್ಬರವೂ ಹೋಗುತ್ತದೆ. ಹೆಜ್ಜೆಗುಂಡಿಗಳಲ್ಲಿ ನೀರು ಉಳಿದರೆ ಹುಳುವೂ ಅಲ್ಲೇ ಉಳಿಯುತ್ತದೆ, ಕಾಲಲ್ಲೇ ಚಾಲು (ಸಣ್ಣ ಕಾಲುವೆ) ಎಳೆದು ಬಸಿಯಿರಿ. ಬೈಲಿನಲ್ಲಿ ಮಳೆ ಬಿಡುವು ಕೊಟ್ಟಾಗ ಮಾತ್ರ ಇದು ಸಾಧ್ಯ. ಸಾಧ್ಯವಾಗದಿದ್ದರೆ ಹಗ್ಗ ಎಳೆದು ಅಂಚಿಗೆ ಸೇರಿದ ಕೊಳವೆಗಳನ್ನು ಬುಟ್ಟಿಯಲ್ಲಿ ಬಾಚಿ. ಹುಳು ತಿನ್ನುವುದು ಎಲೆ ಮಾತ್ರ, ಕಾಂಡ ಮುಟ್ಟುವುದಿಲ್ಲ. ಹೊಸ ಎಲೆ ಬರುತ್ತದೆ.

ನೀರು ತೆಗೆದ ಮೇಲೂ ಕೆಲವು ದಿನ ದೀಪಕ್ಕೆ ಪತಂಗ ಬಂದರೆ ಗಾಬರಿ ಬೇಡ. ಹುಳು ಪತಂಗವಾಗುವ ಮುಂಚಿನ ಕೋಶಗಳು ಕಾಂಡಕ್ಕೆ ಅಂಟಿಕೊಂಡಿರುತ್ತವೆ, ನೀರು ಹೋದರೂ ಅವುಗಳಿಂದ ಪತಂಗ ಏಳುತ್ತದೆ. ನೀರು ಕಟ್ಟಿ ಒಂದು ವಾರಕ್ಕೆ ಅದೇ ಮೂಲೆಯಲ್ಲಿ ಮತ್ತೆ ಜರಡಿ ಆಡಿಸಿ.