ಲಾಕ್‌ಡೌನಲ್ಲಿ ಅಪ್ಪನ ಹೊತ್ತು ಕಳೆಯೋದು ಹೇಗೆ? ಅನುಭವ ಇರೋರು ಹೇಳಿ (ಕೊರೊನಾ ಎರಡನೇ ಅಲೆ, ಬೆಂಗಳೂರು, ಮೇ 2021; ಹೆಸರಿನ ಬದಲು ಅವರವರ ಬಡಾವಣೆ)

ವಿಜಯನಗರ (ಕೇಳಿದವರು): ಮೇ 10ರಿಂದ ಮತ್ತೆ ಎಲ್ಲಾ ಬಂದ್. ಅಪ್ಪನಿಗೆ 68. ಪಾರ್ಕಿಗೆ ಬೀಗ, ಬೆಂಚಿನ ಗೆಳೆಯರಿಲ್ಲ. ಬೆಳಗ್ಗೆ 6ರಿಂದ 10ರೊಳಗೆ ದಿನಸಿ ತರೋಕೂ ನಾವು ಬಿಡ್ತಿಲ್ಲ. ಇಡೀ ದಿನ ನ್ಯೂಸ್ ಚಾನೆಲ್, ಆಕ್ಸಿಜನ್ನು, ಬೆಡ್ಡು. ಬಿಪಿ ಏರ್ತಿದೆ. ಬಾಡಿಗೆ ಮನೆ, ತಾರಸಿಗೆ ಓನರ್ ಬೀಗ ಹಾಕಿದಾರೆ. ಎರಡು ಸಾವಿರದೊಳಗೆ ಏನಾದ್ರೂ ಆಗುತ್ತಾ? ಕಳೆದ ವರ್ಷದ ಲಾಕ್‌ಡೌನಲ್ಲಿ ನೀವೇನ್ ಮಾಡಿದ್ರಿ?

ಹನುಮಂತನಗರ: ಕಣ್ಮುಚ್ಕೊಂಡು ತಾರಸಿ ತೋಟ ಶುರು ಮಾಡ್ಸಿ. ನಂದು ಹೇಳ್ತೀನಿ. ಗ್ರೋಬ್ಯಾಗ್ (ಗಿಡ ಬೆಳೆಸೋ ಚೀಲ) 900, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 500, ಎರೆಗೊಬ್ಬರ 750, ಅದನ್ನ ತಂದ ಆಟೋದವನಿಗೆ 300 (ಲಾಕ್‌ಡೌನ್ ಪಾಸ್ ಇದ್ದೋನು, ಚೌಕಾಸಿ ಎಲ್ಲಿ?), ಬೇವಿನೆಣ್ಣೆ 420, ಸ್ಪ್ರೇಯರ್ 350. ಒಟ್ಟು 3,220. ಟೊಮೆಟೊ ಹೂ ಬಿಡೋ ಹೊತ್ತಿಗೆ ಸರಿಯಾಗಿ ಹಿಟ್ಟು ತಿಗಣೆ ಬಂತು. ಲೀಟರ್ ನೀರಿಗೆ 5 ಎಂಎಲ್ ಎಣ್ಣೆ ಅಂತ ಎಲ್ರೂ ಹೇಳ್ತಾರೆ, ಸೋಪಿನ ನೀರು ಬೆರೆಸದಿದ್ರೆ ಎಣ್ಣೆ ಮೇಲೇ ತೇಲುತ್ತೆ ಅಂತ ಯಾರೂ ಹೇಳಲ್ಲ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ, ಸಂಜೇನೇ ಹೊಡೀಬೇಕು. ಕೊನೆಗೆ ಸಿಕ್ಕಿದ್ದು 3 ಕೆಜಿ. ಅತ್ತ ಕೋಲಾರದ ಕಡೆ ರೈತರು ಟೊಮೆಟೊನ ರಸ್ತೆಗೆ ಸುರೀತಿದ್ರು, ಇತ್ತ ನಂಗೆ ಕೆಜಿಗೆ ಸಾವಿರದ ಮೇಲೆ ಬಿತ್ತು. ಆದ್ರೂ ಆ ಸಾರಿನ ರುಚಿ ಬೇರೇನೇ ಬಿಡಿ.

ಗಿರಿನಗರ: ಇಂಥ ತೋಟದ ಕೆಳಗಿನ ಮನೇಲಿರೋನು ನಾನು. ನೆನೆದ ದೊಡ್ಡ ಕುಂಡ ಒಂದೊಂದೂ 20 ಕೆಜಿ ದಾಟುತ್ತೆ, ಸಾಲಾಗಿ ಇಟ್ಬಿಟ್ಟಿದಾರೆ. ಬೆಡ್‌ರೂಮ್ ಸೂರು ಪೂರ್ತಿ ತೇವ. ವಾಟರ್‌ಪ್ರೂಫಿಂಗಿಗೆ 38,000 ಕೇಳಿದ್ರು, ಅರ್ಧ ಕೊಡಿ ಅಂದ್ರೆ ಮೇಲಿನವರು ಎರಡು ಬದನೆಕಾಯಿ ಕಳಿಸಿದ್ರು!

ಹನುಮಂತನಗರ: ಸೂರು ಸೋರೋದು ಕಟ್ಟಿದವನ ಹಣೆಬರಹ ಸ್ವಾಮಿ, ಗಿಡದ್ದಲ್ಲ. ಮಳೆ ಬಂದ್ರೂ ಮೋಡದ ಮೇಲೆ ಕಂಪ್ಲೇಂಟ್ ಕೊಡ್ತೀರಾ?

ಗಿರಿನಗರ: ಮೋಡ ದಿನಾ ಬೆಳಗ್ಗೆ ಕಾವೇರಿ ನೀರಲ್ಲಿ ಪೈಪ್ ಹಿಡ್ಕೊಂಡು ನಿಲ್ಲಲ್ಲ.

ಮಲ್ಲೇಶ್ವರ: ಜಗಳ ಆಮೇಲಾಡಿ. ನಾನು ಬ್ರೆಡ್ಡಿಗೆ ಬಿದ್ದೆ. ಓವನ್ 7,400. 1,500 ವ್ಯಾಟಿಂದು, ಆರೂವರೆ ಆಂಪ್ ಎಳೆಯುತ್ತೆ, ನಮ್ಮ ಹಳೇ ಮನೇಲಿರೋದು 6 ಆಂಪಿನ ಸಾಕೆಟ್. ಸುಟ್ಟ ವಾಸನೆ ಬಂದಾಗ ಬ್ರೆಡ್ ಅಂದ್ಕೊಂಡ್ವಿ, ನೋಡಿದ್ರೆ ಸಾಕೆಟ್ ಕರಗಿತ್ತು. ಮನೆಯೊಳಗೆ ಬರೋಕೆ ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಹೊಸ ಲೈನ್ ಎಳೆಸೋಕೆ ಜೂನ್ ಬಂತು, 2,600 ಹೋಯ್ತು. ಈಸ್ಟು ಏಪ್ರಿಲಲ್ಲಿ ನಮ್ಮ 8ನೇ ಕ್ರಾಸಿನ ಅಂಗಡೀಲೆಲ್ಲೂ ಇರಲಿಲ್ಲ, ಅರ್ಧ ಕೆಜಿ ಪ್ಯಾಕಿಗೆ 640 ಕೊಟ್ಟೆ. ಈಗ ವಾರವಾರ ಮಾಡ್ತೀನಿ, ಬೇಕರಿಯದ್ದು ಬಾಯಿಗೇ ಹತ್ತಲ್ಲ.

ಕೆಂಗೇರಿ: ಎರಡು ಸಾವಿರದೊಳಗೆ ಅಂತ ಕೇಳಿದ್ರೆ ಓವನ್ ಅಂತೀರಲ್ಲ! ಚೌಕಾಬಾರ ಆಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ, ನಾಲ್ಕು ಕವಡೆ, ಮುಗೀತು. ನಮ್ಮ ಮಾವ ಟಿವಿ ಮರೆತಿದ್ದೇ ಇದರಿಂದ. ಆದ್ರೆ ಎದುರಾಳಿಯ ಒಂದು ಕಾಯಾದ್ರೂ ಕಡಿಯದೆ (ಹೊಡೆಯದೆ) ಒಳಸುತ್ತಿಗೆ ಹೋಗೋ ಹಾಗಿಲ್ಲ. ಇದನ್ನ ಮೊದಲೇ ಬರೆದಿಡಿ. ನಮ್ಮನೇಲಿ ಇದಕ್ಕೇ ಮಾವನೂ ಭಾವನೂ ಮಾತು ಬಿಟ್ರು, ಹಬ್ಬಕ್ಕೂ ಸರಿ ಹೋಗಲಿಲ್ಲ.

ಮಲ್ಲೇಶ್ವರ: ಯಾರ್ರೀ ಹೇಳಿದ್ದು? ನಮ್ಮಜ್ಜಿ ಮನೇಲಿ ಕಡಿಯದೇನೇ ಒಳಗೆ ಬಿಡ್ತಿದ್ರು.

ಕೆಂಗೇರಿ: ಮಕ್ಕಳು ಅಳಬಾರದು ಅಂತ ಬಿಟ್ಟಿರ್ತಾರೆ. ಕಡಿಯದೆ ಕಾಯಿ ಹಣ್ಣು ಮಾಡೋದಾದ್ರೆ (ನಡುಮನೆ ಸೇರಿಸೋದಾದ್ರೆ) ಆಟ ಯಾಕೆ?

ಗಿರಿನಗರ: ನಾಲ್ಕೂ ಕವಡೆ ಮಗುಚಿ ಬಿದ್ರೆ ಎಂಟು, ಇನ್ನೊಂದು ಸಲ ಹಾಕಬಹುದು. ಅದನ್ನಾದ್ರೂ ಒಪ್ತೀರಾ, ಇಲ್ಲ ಅದಕ್ಕೂ ಅಜ್ಜಿ ಬರ್ತಾರಾ?

ಮಲ್ಲೇಶ್ವರ: ಅಜ್ಜಿ ಸುದ್ದಿಗೆ ಬರಬೇಡಿ.

ವಿಜಯನಗರ (ಕೇಳಿದವರು): ಕವಡೆ ಎಲ್ಲಿ ತರಲಿ? ಗ್ರಂಥಿಗೆ ಅಂಗಡಿ ಮುಚ್ಚಿದೆ.

ಕೆಂಗೇರಿ: ಹುಣಸೆ ಬೀಜದ ಒಂದು ಮಗ್ಗುಲು ಬಿಳಿಯಾಗೋವರೆಗೂ ಕಲ್ಲಿಗೆ ಉಜ್ಜಿ. ನಾಲ್ಕೂ ಒಂದೇ ಗಾತ್ರ ಇರಲಿ, ಇಲ್ಲಾಂದ್ರೆ ಮೋಸ ಅಂತ ಶುರುವಾಗುತ್ತೆ.

ವಿಜಯನಗರ (ಕೇಳಿದವರು): ಉಜ್ಜೋಕೆ ಅಪ್ಪನಿಗೇ ಕೊಟ್ಟೆ. ಟಿವಿ ಮುಂದೇನೇ ಕೂತು ಉಜ್ತಿದಾರೆ. ಸೌಂಡ್ ಮಾತ್ರ ಕಮ್ಮಿ ಮಾಡಿದಾರೆ.

ಹನುಮಂತನಗರ: ಓನರ್ ಹತ್ರ ತಾರಸಿ ಕೀ ಒಂದ್ಸಲ ಕೇಳಿ ನೋಡಿ. ಕೊತ್ತಂಬರಿ ಹಾಕಿದ್ರೆ ಯಾರ ಸೂರೂ ಸೋರಲ್ಲ.

ಗಿರಿನಗರ: ಓನರ್ ನಂಬರ್ ಕೊಡಿ, ನಾನೇ ಮಾತಾಡ್ತೀನಿ.